ತಲೆಯಿಲ್ಲದ ಗೋರಿಕಲ್ಲು

ಮೊನಾಸ್ತಿರ್ ಪಟ್ಟಣದ ಅಧಿಕಾರಿ ಹುಜೂರರ ಸನ್ನಿಧಿಗೆ, ಕಲ್ಲುಕುಟಿಗ ವಾಂಗೆಲ್ ಮಾಡುವ ಅರಿಕೆ.

ತಮ್ಮ ಕಚೇರಿಯ ಗುಮಾಸ್ತ ರುಸ್ತುಂ ಎಫೆಂದಿ ತೀರಿಕೊಂಡು ಆರು ತಿಂಗಳಾಯಿತು. ಅವರ ಗೋರಿಕಲ್ಲು ಮಾತ್ರ ನನ್ನ ಅಂಗಳದಲ್ಲೇ ಬಿದ್ದಿತ್ತು. ಹೆಸರು ಕೆತ್ತಿಯಾಗಿತ್ತು, ತಲೆ ಬಾಕಿ.

ಸತ್ತವರು ಸುತ್ತುತ್ತಿದ್ದ ರುಮಾಲನ್ನೇ ಕಲ್ಲಿನ ನೆತ್ತಿಗೆ ಕೆತ್ತುವುದು ರೂಢಿ. ಆದರೆ ಸುಲ್ತಾನರ ಹೊಸ ಕಾನೂನಿನಂತೆ ರುಸ್ತುಂ ಎಫೆಂದಿ ರುಮಾಲು ಬಿಟ್ಟು ಕೆಂಪು ಟೋಪಿ ಹಾಕಿದ್ದರು. ಕ್ರೈಸ್ತನಾದ ನಾನೂ ಅದನ್ನೇ ಹಾಕಿದ್ದೇನೆ. ಟೋಪಿ ಕೆತ್ತಲು ಕೂತರೆ ಇಮಾಮರು ಬಂದು, "ಲೋ ವಾಂಗೆಲ್, ನಿನ್ನ ತಲೆಮೇಲೂ ಅದೇ ಇದೆಯಲ್ಲೋ! ಒಳಗೆ ಮಲಗಿರೋನು ಮುಸಲ್ಮಾನನೋ ಕ್ರೈಸ್ತನೋ ಅಂತ ಯಾರಿಗೆ ಗೊತ್ತಾಗ್ಬೇಕು?" ಅಂದರು. ಹೋಗಲಿ, ರುಮಾಲು ಕೆತ್ತೋಣವೆಂದರೆ ನಮ್ಮೂರಲ್ಲಿರುವ ಪರದೇಶದ ಪ್ರತಿನಿಧಿ, "ಈ ಊರಲ್ಲಿ ಸುಧಾರಣೆ ಸತ್ತಿದೆ ಅಂತ ನಮ್ಮ ದೊರೆಗೆ ಬರೀತೀನಿ" ಎಂದು ಹೆದರಿಸಿದರು. ತಮ್ಮನ್ನು ಕೇಳಿದರೆ ಮೂರು ಸಲವೂ, "ಇಸ್ತಾಂಬುಲ್‌ನಿಂದ ಉತ್ತರ ಬರಲಿ" ಎಂದಿರಿ. ಸುಲ್ತಾನರಿಗೆ ಬೇರೆ ಕೆಲಸವಿಲ್ಲವೇ?

ರುಸ್ತುಂ ಎಫೆಂದಿಯವರ ಹೆಂಡತಿ ನೆಫೀಸೆ ಹಾನಂ ಪ್ರತಿ ಗುರುವಾರ ಬಂದು ಕಲ್ಲಿನ ಮುಂದೆ ನಿಂತು ಹೋಗುತ್ತಿದ್ದರು. ಹೋದ ವಾರ ತಡೆಯಲಾರದೆ, "ಅಮ್ಮಾ, ನೀವೇ ಹೇಳಿಬಿಡಿ, ಯಾವುದು ಕೆತ್ತಲಿ?" ಎಂದೆ.

"ನನಗೇನು ಗೊತ್ತಪ್ಪ? ಬೀದಿಗೆ ಹೋಗುವಾಗ ಏನಾದ್ರೂ ಹಾಕ್ಕೊಳ್ಳೋರು. ಮನೇಲಿ ನಾನು ನೋಡಿದ್ದು ಬೋಳುತಲೆನೇ."

ಕಲ್ಲಿನ ನೆತ್ತಿಯನ್ನು ದುಂಡಗೆ, ನುಣ್ಣಗೆ ಮಾಡಿ ಇಂದು ನೆಟ್ಟು ಬಂದಿದ್ದೇನೆ. ಉತ್ತರ ಬಂದಾಗ ಯಾವ ಟೋಪಿಯಾದರೂ ತಾವೇ ತಂದು ಇಡಬಹುದು. ನೆಫೀಸೆ ಹಾನಂ ಮಾತ್ರ ದೂರದಿಂದಲೇ ಗುರುತು ಹಿಡಿದರು.

ತಮ್ಮ ಆಜ್ಞೆಗೆ ಕಾದು ಸಾಕಾದ,
ವಾಂಗೆಲ್