ಬಿಗಿಯಾದ ನಾಲ್ಕು ಸಾಲು

ಡಿಸೆಂಬರ್ ೧೧, ಗುರುವಾರ.

ನಾನು ಹೆಣೆಯುತ್ತಿರುವ ಸ್ವೆಟರ್ ಎಷ್ಟು ಎಳೆದರೂ ನಡುವೆ ಬೆಲ್ಟು ಬಿಗಿದಂತೆ ಕುಗ್ಗುತ್ತಿತ್ತು. ಸೀದಾ ಹೆಣಿಗೆ, ಉಲ್ಟಾ ಹೆಣಿಗೆ ಎರಡೂ ಸರಿಯಿದ್ದವು. ಒಂದು ಕುಣಿಕೆಯೂ ಜಾರಿರಲಿಲ್ಲ. ಸೋತು ಅತ್ತೆಯ ಕೈಗಿಟ್ಟೆ. ಕಣ್ಣು ಮಂಜಾದ ಮೇಲೆ ಅವರು ಬೆರಳಲ್ಲೇ ನೋಡುತ್ತಾರೆ.

"ಈ ನಾಲ್ಕು ಸಾಲು ಹೆಣೆಯುವಾಗ ಯಾರ ಮೇಲಮ್ಮಾ ಸಿಟ್ಟು? ಉಣ್ಣೆ ಕತ್ತು ಹಿಸುಕಿದೀಯಲ್ಲ!"

ಅವು ಸೋಮವಾರದ ಸಾಲುಗಳು. ಅವತ್ತು ಅವರ ಜೊತೆಗೇ ಜಗಳವಾಡಿದ್ದೆ.

"ನಮ್ಮತ್ತೆಗೆ ನಾನು ಹೆಣೆದ ಶಾಲು ಹಲಗೆ ಥರ ನಿಲ್ತಿತ್ತು," ಎಂದು ನಕ್ಕರು.

ಎಂಥ ಬೆರಳುಗಳಪ್ಪ! ಅರವತ್ತು ವರ್ಷದ ಹೆಣಿಗೆ ಅವುಗಳಲ್ಲಿ ಕೂತಿದೆ.

ಸ್ವೆಟರ್ ಅವರಿಗೇ ಎಂದು ನಾನಿನ್ನೂ ಬಾಯಿ ಬಿಟ್ಟಿರಲಿಲ್ಲ. ವಾಪಸ್ ಕೊಡುವಾಗ ಹೇಳಿದರು: "ಆ ನಾಲ್ಕು ಸಾಲು ಬಿಚ್ಚಬೇಡ, ಇರಲಿ. ತೋಳು ಮಾತ್ರ ಎರಡಿಂಚು ಉದ್ದ ಹಾಕು, ನಂಗೆ ಮುಂಗೈ ಚಳಿ."