ಯಾರ ಪೈಕಿ ನೀವು?

ಹುಬ್ಬಳ್ಳಿ,
೭ ಫೆಬ್ರವರಿ ೧೯೬೧

ಪ್ರೀತಿಯ ಅಣ್ಣಾ,

ಇಲ್ಲ, ಸ್ಟೇಷನ್ ಎದುರಿನ ಆ ಖಾನಾವಳಿ ಮಾತ್ರ ಬೇಡ. ಅಲ್ಲಿಯ ಎಣಗಾಯಿ ಎಷ್ಟೇ ಛಲೋ ಇರಲಿ, ನೀನು ಎಷ್ಟೇ ಹಟ ಹಿಡಿ, ವೈನಿಯನ್ನು ಅಲ್ಲಿಗೆ ಕರೆದೊಯ್ಯಬೇಡ. ಕಾರಣ ಆಮೇಲೆ ಬರೆಯುತ್ತೇನೆ. ಮೊದಲು ಹೇಳು, ನಿನ್ನ ಕೆಮ್ಮು ನಿಂತಿತೇ? ಮುಂಬಯಿ ಗಿರಣಿಯ ಆಫೀಸಿನಲ್ಲಿ ಕೂತರೂ ಹತ್ತಿಯ ಧೂಳು ಬಿಡುವುದಿಲ್ಲವೆಂದು ಅವ್ವ ದಿನಾ ಹಲುಬುತ್ತಾಳೆ. ಮೊದಲ ಸಲ ಬರುವ ಸೊಸೆ, ತಾರಾ ವೈನಿಗೆ ನಮ್ಮ ನೀರು ಒಗ್ಗುತ್ತದೋ ಇಲ್ಲವೋ ಎಂಬುದು ಅವಳ ಇನ್ನೊಂದು ಚಿಂತೆ. ಅವ್ವನ ಮೊಣಕಾಲು ಹಾಗೇ ಇದೆ. ನಾನು ಪರೀಕ್ಷೆಗೆ ಓದುತ್ತಿದ್ದೇನೆ, ನಂಬು. ಲಕೋಟೆಯ ಮೇಲೆ ನೀನು ತಿಳಿಸಿದಂತೆ ‘ಜಿ. ಎಚ್. ಹುಬಳೀಕರ’ ಎಂದೇ ಬರೆದಿದ್ದೇನೆ. ನಮ್ಮ ಅಡ್ಡಹೆಸರು ಕಂಡರೆ ಮನೆಮಾಲಕರು ಖೋಲಿ ಬಿಡಿಸುತ್ತಾರೆ ಎಂದಿದ್ದೆಯಲ್ಲ.

ನೀನು ಕೇಳಿದ್ದು ಎರಡೇ ಸಾಲು. ನಾಲ್ಕು ದಿನದಲ್ಲಿ ಅವಳಿಗೆ ಏನು ತೋರಿಸಲಿ, ಎಲ್ಲಿ ಉಣಿಸಲಿ? ಆ ಎರಡು ಸಾಲಿಗಾಗಿ ನಾನು ತಿಂಗಳಿಡೀ ಊರು ತಿರುಗಿದ್ದೇನೆ. ನಾನೇ ಹೋಗಿ ಕೂತು, ತಿಂದು, ಎದ್ದು ಬಂದ ಜಾಗಗಳನ್ನಷ್ಟೇ ಬರೆಯುತ್ತೇನೆ. ಮುಂದಿನ ವಾರ ಶುಕ್ರವಾರ ಮುಂಜಾನೆ ನಿಮ್ಮ ಗಾಡಿ ಧಾರವಾಡ ಬಿಟ್ಟ ಮೇಲೆ ನಿದ್ದೆ ಮಾಡಬೇಡಿ. ನವಲೂರು ಸ್ಟೇಷನ್ನಿನಲ್ಲಿ ಪೇರಲದ ಬುಟ್ಟಿಗಳು ಕಿಟಕಿಗೇ ಬರುತ್ತವೆ. ಒಳಗೆ ಕೆಂಪಗಿರುವುದನ್ನೇ ಕೇಳು. ಮುಂಬಯಿಯಲ್ಲಿ ಅಂಥ ಪೇರಲ ಇದ್ದರೆ ನನಗೆ ಬರೆ. ಇಳಿದೊಡನೆ ಸ್ಟೇಷನ್ ಹೊರಗಿನ ಗುಲಾಬಸಾಬನ ಕೈಗಾಡಿಯಲ್ಲಿ ಚಹಾ ಕುಡಿಯಿರಿ. ಅವನಲ್ಲಿ ಇರುವುದೇ ಆರು ಕಪ್ಪು, ಬಂದವರೆಲ್ಲ ಅದರಲ್ಲೇ ಕುಡಿಯಬೇಕು. ಬಿಸಿ ಮಿರ್ಚಿ ಭಜಿ ತಿನ್ನುವಾಗ ವೈನಿಗೆ ಮೊದಲು ತುದಿ ಕಚ್ಚಲು ಹೇಳು, ನಡುವೆ ಕಚ್ಚಿದರೆ ಬೀಜದ ಖಾರ ನೆತ್ತಿಗೆ ಏರುತ್ತದೆ. ಸಂಜೆ ಉಣಕಲ್ ಕೆರೆ. ಸೂರ್ಯ ಮುಳುಗುವವರೆಗೆ ಏಳಬೇಡಿ, ಆ ನೀರು ತಾಮ್ರದ ಕೊಡದ ಹಾಗೆ ಆಗುತ್ತದೆ. ಸಿದ್ಧಾರೂಢ ಮಠದ ಪಂಕ್ತಿಯಲ್ಲಿ ನಾನು ಎರಡು ಸಲ ಕೂತೆ. ಪಕ್ಕದ ಮುದುಕಿ ನನ್ನನ್ನು ಏನೂ ಕೇಳಲಿಲ್ಲ, ತನ್ನ ಪಾಲಿನ ಹುಗ್ಗಿಯನ್ನೂ ನನಗೇ ಬಡಿಸಿದಳು. ಭಾನುವಾರ ಬಸ್ಸು ಹಿಡಿದು ರಾಯಾಪುರದ ಮೇಲೆ ಹಾಯ್ದು ಧಾರವಾಡಕ್ಕೆ ಹೋಗಿರಿ. ಕಾಲೇಜಿನ ಗಿಡಗಳ ನೆರಳಲ್ಲಿ ವೈನಿಯನ್ನು ನಡೆಸು, ಫೇಡೆ ಕಟ್ಟಿಸಿಕೋ. ಅಲ್ಲಿಯೂ ಯಾರೂ ಏನೂ ಕೇಳುವುದಿಲ್ಲ. ಪೊಟ್ಟಣ ಕೈಗೆ ಕೊಟ್ಟರೆ ಮುಗಿಯಿತು, ಪೊಟ್ಟಣಕ್ಕೆ ಜಾತಿ ಎಲ್ಲಿಯದು?

ಸ್ಟೇಷನ್ ಎದುರಿನ ಖಾನಾವಳಿಯವರು ಬಾಗಿಲಲ್ಲೇ ಕೇಳುತ್ತಾರೆ. ‘ಯಾರ ಪೈಕಿ ನೀವು?’ ನೀನು ಹೇಳಿದ ಉತ್ತರದ ಮೇಲೆ ನಿನ್ನ ತಾಟು ಒಳಗೋ ದನದ ಕೊಟ್ಟಿಗೆಯ ಕಡೆಗೋ ಹೋಗುತ್ತದೆ. ಈ ಮಾತನ್ನು ವೈನಿಗೆ ಮೊದಲೇ ತಿಳಿಸಿ ಕರೆದುಕೊಂಡು ಬಾ. ನಮ್ಮಲ್ಲಿ ಯಾರ ಮನೆಯ ಕೂಸು ಎಂದು ಗಲ್ಲ ಹಿಡಿದು ಕೇಳಲೂ ಇದೇ ಮಾತು, ದೂರ ಕೂಡಿಸಲೂ ಇದೇ ಮಾತು. ಯಾವುದು ಯಾವುದೆಂದು ಕೇಳುವವರ ಮುಖ ನೋಡಿದರೆ ನನಗೆ ಗೊತ್ತಾಗುತ್ತದೆ. ಅವಳಿಗೆ ಹೇಗೆ ಗೊತ್ತಾಗಬೇಕು? ಅವಳ ಮನೆಯವರು ಬೌದ್ಧರಾಗಿ ಐದು ವರ್ಷವಾಗುತ್ತ ಬಂತು, ‘ನಾನು ಬೌದ್ಧಳು’ ಎಂದು ತಲೆ ಎತ್ತಿ ಹೇಳುತ್ತಾಳೆ ಎಂದು ನೀನೇ ಬರೆದಿದ್ದೀ. ಹಾಗೆ ಹೇಳಿದರೆ ಇಲ್ಲಿಯವರು ಅದರ ಹಿಂದಿನದನ್ನು ಕೇಳುತ್ತಾರೆ.

ಇನ್ನು ಅಪ್ಪನ ರೈಲ್ವೆ ವರ್ಕಶಾಪಿನ ಎದುರಿನ ಆ ಚಹಾದ ಹೋಟೆಲು. ಶನಿವಾರ ವರ್ಕಶಾಪು ಅರ್ಧ ದಿನಕ್ಕೆ ಬಿಟ್ಟ ಕೂಡಲೆ ಅಪ್ಪನನ್ನು ಕರೆದುಕೊಂಡು ನಾವೆಲ್ಲ ಒಳಗೆ ಕುರ್ಚಿಯ ಮೇಲೆ ಕೂತು ಚಹಾ ಕುಡಿಯಬೇಕು ಎಂದು ನೀನು ಬರೆದದ್ದನ್ನು ನಾನು ಅಪ್ಪನಿಗೆ ಓದಿ ಹೇಳಿದೆ. ಅಪ್ಪ ಬೀಡಿ ಆರಿಸಿ ಎದ್ದು ಹೋದ. ಗೋಡೆಯ ಗೂಡಿನಲ್ಲಿ ನಮ್ಮ ಕೇರಿಯವರಿಗೆಂದು ಇಟ್ಟ, ಹಿಡಿಕೆ ಮುರಿದ ಆ ಕಿವಿಯಿಲ್ಲದ ಕಪ್ಪು ನಿನಗೆ ನೆನಪಿದೆಯಲ್ಲ? ಚಿಕ್ಕವನಿದ್ದಾಗ ಅದು ಬಿಸಿಯೆಂದು ನೀನು ಕೈಬಿಟ್ಟೆಯಂತೆ, ಅಪ್ಪ ಅಂಗೈಯಲ್ಲಿ ಹಿಡಿದನಂತೆ. ಅಸ್ಪೃಶ್ಯತೆ ಆಚರಿಸಬಾರದೆಂಬ ಕಾಯಿದೆ ಬಂದು ಆರು ವರ್ಷವಾಯಿತು, ಕಪ್ಪು ಅಲ್ಲೇ ಇದೆ. ಅಪ್ಪ ಈಗಲೂ ಹಿತ್ತಲ ಕಿಟಕಿಯ ಹೊರಗೆ ನಿಂತು ಕುಡಿದು, ತೊಳೆದು, ಅಲ್ಲೇ ಬೋರಲು ಹಾಕಿ ಬರುತ್ತಾನೆ. ಗಲ್ಲಾದ ಮೇಲೆ ಕೂತ ಮಾಲಕ ಹೇಳುವುದನ್ನು ನಾನೇ ಕೇಳಿದ್ದೇನೆ: ‘ಒಳಗ ಬರಬ್ಯಾಡ್ರಿ ಅಂತ ನಾ ಯಾವಾಗ ಅಂದೇನಿ? ಅವರೇ ಬರಂಗಿಲ್ಲ.’

ಹಾಗಾದರೆ ಹೋಗಿಯೇ ನೋಡೋಣ ಎಂದುಕೊಂಡೆ. ನನ್ನ ವರ್ಗದ ಸುಹಾಸಿನಿ, ರಮಾಕಾಂತ ಮಾಸ್ತರರ ಮಗಳು, ‘ಅದರಾಗೇನದ, ನಡಿ, ನಾನೂ ಬರ್ತೀನಿ’ ಎಂದಳು. ಹುಡುಗಿಯರಿಬ್ಬರೇ ಹೋಟೆಲಿಗೆ ಹೋದದ್ದನ್ನು ಅವ್ವನಿಗೆ ಬರೆಯಬೇಡ. ಮೊನ್ನೆ ಶನಿವಾರ ಹೋಗಿ ಕಿಟಕಿಯ ಪಕ್ಕದ ಮೇಜಿಗೆ ಕೂತೆವು. ಮಾಣಿ ಎರಡು ಕಪ್ಪು ಇಟ್ಟ, ಎರಡಕ್ಕೂ ಕಿವಿ ಇತ್ತು. ನಾನು ಕುಡಿಯಲಿಲ್ಲ, ಸುಮ್ಮನೆ ಆ ಕಿವಿ ಹಿಡಿದುಕೊಂಡೇ ಕೂತೆ. ಅಷ್ಟರಲ್ಲಿ ಮಾಲಕ ನಗುತ್ತ ಬಂದು ಕೇಳಿದ. ಸುಹಾಸಿನಿ ತನ್ನ ತಂದೆಯ ಹೆಸರು ಹೇಳಿದಳು. ಆಮೇಲೆ ನನ್ನ ಕಡೆ ತಿರುಗಿ, ‘ನೀ ಯಾರ ಪೈಕಿ ತಂಗಿ?’ ಎಂದ. ಮನೆಯಿಂದ ಹೊರಡುವಾಗ ನಾನು ಏನೇನು ಉತ್ತರ ಕಲಿತುಕೊಂಡು ಹೋಗಿದ್ದೆ ಗೊತ್ತೇ? ಬಾಯಿಂದ ಬಂದದ್ದು ಇಷ್ಟೇ: ‘ನಾನೂ ಅವರ ಮನಿಯಾಕೀನರಿ.’

ಸುಹಾಸಿನಿ ತಲೆ ಕೆಳಗೆ ಹಾಕಿದಳು. ಕಿಟಕಿಯ ಹೊರಗೆ ನೀರಿನ ಸಪ್ಪಳವಾಯಿತು. ಅಂದು ಅರ್ಧ ದಿನದ ಶನಿವಾರ ಎಂಬುದನ್ನು ನಾನು ಮರೆತೇಬಿಟ್ಟಿದ್ದೆ. ಅಪ್ಪ ಕಪ್ಪು ತೊಳೆಯುತ್ತಿದ್ದ, ನನ್ನಿಂದ ಎರಡು ಮೊಳ ದೂರದಲ್ಲಿ. ನನ್ನ ಕಡೆ ನೋಡಲಿಲ್ಲ. ಯಾವತ್ತೂ ಒಮ್ಮೆ ತೊಳೆಯುವ ಕಪ್ಪನ್ನು ಅಂದು ಮೂರು ಸಲ ತೊಳೆದ. ಮನೆಗೆ ಬಂದ ಮೇಲಾದರೂ ಬೈದಿದ್ದರೆ ನಾನು ಒಂದು ಹೊತ್ತು ಅತ್ತು ಸುಮ್ಮನಾಗುತ್ತಿದ್ದೆ. ಭಾನುವಾರವಿಡೀ ಅವನು ತಾಟು ಬಿಟ್ಟು ಬೇರೆ ಕಡೆ ನೋಡಲಿಲ್ಲ, ನಾನು ಒಲೆ ಬಿಟ್ಟು ಏಳಲಿಲ್ಲ. ಅದಕ್ಕೇ ಈ ಪತ್ರ, ಅಣ್ಣಾ. ಆ ಹೋಟೆಲನ್ನು ಪಟ್ಟಿಯಿಂದ ತೆಗೆದುಬಿಡು. ಕೆರೆ ಇದೆ, ಮಠ ಇದೆ, ಫೇಡೆ ಇದೆ, ಗುಲಾಬಸಾಬನ ಆರು ಕಪ್ಪು ಇವೆ. ನಾಲ್ಕು ದಿನ ನಕ್ಕು ಹೋಗಲು ಇಷ್ಟು ಸಾಕಾಗುವುದಿಲ್ಲವೇ?

ವೈನಿಗೆ ನನ್ನ ನಮಸ್ಕಾರ ಹೇಳು. ಅವಳಿಗಾಗಿ ಅವ್ವ ಶೇಂಗಾದ ಹೋಳಿಗೆ ಮಾಡುವವಳಿದ್ದಾಳೆ, ಗಾಡಿಯಲ್ಲಿ ಹೊಟ್ಟೆ ತುಂಬಿಸಿಕೊಂಡು ಬರಬೇಡಿ. ಕಿಟಕಿಯ ಗಾಳಿಗೆ ಕೂಡಬೇಡ, ಕಿವಿಗೆ ಮಫ್ಲರ್ ಸುತ್ತಿಕೋ.

ನಿನ್ನ ತಂಗಿ,
ಶೇವಂತಿ

ತಾ. ಕ.: ಲಕೋಟೆ ಅಂಟಿಸಿದ್ದನ್ನು ಒಡೆದು ಬರೆಯುತ್ತಿದ್ದೇನೆ. ಈಗಷ್ಟೇ ಅಪ್ಪ ಆ ಕಿವಿಯಿಲ್ಲದ ಕಪ್ಪನ್ನು ಮನೆಗೆ ತಂದ. ಟವೆಲ್ಲಿನಲ್ಲಿ ಸುತ್ತಿ ತಂದು ಮಡಕೆಗಳ ಅಡಕಲಿಯ ಮೇಲೆ ಇಟ್ಟ. ಇದೇನು ಎಂದು ಅವ್ವ ಕೇಳಿದರೆ, ‘ಇನ್ನ ಅದು ಅಲ್ಲೆ ಬೇಕಾಗಂಗಿಲ್ಲ’ ಎಂದ. ಶನಿವಾರ ನಿಮ್ಮ ಜೊತೆ ಒಳಗೆ ಕೂಡುತ್ತಾನಂತೆ. ಬಿಳಿ ಅಂಗಿ ಒಗೆಯಲು ಹೇಳಿದ್ದಾನೆ. ಮೂರು ದಿನದ ಮೇಲೆ ಮೊದಲ ಸಲ ನನ್ನ ಮುಖ ನೋಡಿ, ‘ಅವರು ಕೇಳಲಿ, ನಾವು ಯಾರ ಪೈಕಿ ಅಂತ ನಿಮ್ಮಣ್ಣ ಹೇಳ್ತಾನ’ ಎಂದ. ಹೋಟೆಲನ್ನು ಪಟ್ಟಿಯಿಂದ ತೆಗೆ ಎಂದು ಮೇಲೆ ಬರೆದದ್ದನ್ನು ನಾನೇ ಹೊಡೆದುಹಾಕಿದ್ದೇನೆ. ನಾನಂತೂ ಅಂಜಿ ಸುಳ್ಳು ಹೇಳಿ ಬಂದವಳು. ಜಿ. ಎಚ್. ಹುಬಳೀಕರ ಅವರೇ, ಅಪ್ಪನ ಪಕ್ಕ ಕೂತು ನೀವು ಏನು ಹೇಳುತ್ತೀರಿ?