ಎರಡು ಎಂಜಿನ್ನಿನ ದೋಣಿ ಮಾರುವ ಮಾತು

ಪ್ರೀತಿಯ ಇವರಿಗೆ,

ಮದುವೆಯಾಗಿ ಇಷ್ಟು ವರ್ಷವಾದರೂ ನಿಮ್ಮನ್ನು ಹೆಸರು ಹಿಡಿದು ಕರೆದವಳಲ್ಲ. ಕಾಗದದ ಮೇಲೂ ಕೈ ಏಳುತ್ತಿಲ್ಲ. ನೀವು ಪಕ್ಕದ ಕೋಣೆಯಲ್ಲೇ ಇದ್ದೀರಿ. ಮಗಳು ಋತುಜಾ ನಿಮ್ಮ ಬಲಗೈ ಬೆರಳುಗಳನ್ನು ಒಂದು, ಎರಡು ಎಂದು ಎಣಿಸುತ್ತ ಒಂದೊಂದಾಗಿ ಬಿಡಿಸಿ ವ್ಯಾಯಾಮ ಮಾಡಿಸುತ್ತಿರುವುದು ನನಗೆ ಇಲ್ಲಿಗೇ ಕೇಳುತ್ತಿದೆ. ಅಷ್ಟು ಹತ್ತಿರದ ಗಂಡನಿಗೆ ಪತ್ರ ಬರೆಯುವುದು ವಿಚಿತ್ರವೇ ಸರಿ. ಆದರೆ ಕಳೆದ ಶ್ರಾವಣದಲ್ಲಿ ಪಾರ್ಶ್ವವಾಯು ನಿಮ್ಮ ಮಾತು ಕಿತ್ತುಕೊಂಡ ಮೇಲೆ ಈ ಮನೆಯಲ್ಲಿ ಪ್ರಶ್ನೆ ಕೇಳುವವಳೂ ನಾನೇ, ಉತ್ತರ ಕೊಡುವವಳೂ ನಾನೇ. ನೀವು ತುಟಿ ಅಲುಗಿಸುವಷ್ಟರಲ್ಲಿ ನಿಮ್ಮ ಮಾತನ್ನು ನಾನು ಮುಗಿಸಿಬಿಟ್ಟಿರುತ್ತೇನೆ. ನೀವು ನಿಧಾನವಾಗಿ ಓದಬಲ್ಲಿರಿ ಎಂದು ಡಾಕ್ಟರು ಹೇಳಿದ್ದಾರೆ. ಕಾಗದವನ್ನಾದರೂ ನಿಮಗೆ ಬೇಕಾದಲ್ಲಿ ನಿಲ್ಲಿಸಬಹುದು, ಸಿಟ್ಟು ಬಂದರೆ ನೆಲಕ್ಕೆ ಒಗೆಯಬಹುದು.

ದೋಣಿಯ ಬಗ್ಗೆ ಬರೆಯಬೇಕು.

ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಪಂಪುಸೆಟ್ಟು ರಿಪೇರಿ ಮಾಡುವ ಮನುಷ್ಯ ಕಾರವಾರದ ಹತ್ತಿರ, ಕಾಳಿ ನದಿಯಲ್ಲಿ, ಎರಡು ಎಂಜಿನ್ನಿನ ಕ್ಯಾಬಿನ್ ದೋಣಿ ಕೊಂಡ ಸುದ್ದಿ ಕೇಳಿ ಬಂಧುಬಳಗವೆಲ್ಲ ನಕ್ಕಿತ್ತು. ನಿಮ್ಮ ಗೆಳೆಯ ಶಿರಗುಪ್ಪಿಯ ದುರಗಪ್ಪನವರಂತೂ ಮನೆಗೇ ಬಂದು, "ಹುಬ್ಬಳ್ಳ್ಯಾಗ ಕುಡ್ಯಾಕ ನೀರಿಲ್ಲ, ನೀ ದೋಣಿ ತಗೊಂಡೀ" ಎಂದಿದ್ದರು. ನೀವು, "ನೀರು ಅಲ್ಲೈತಿ, ದೋಣಿನೂ ಅಲ್ಲೇ ಐತಿ. ನಾವಷ್ಟ ಇಲ್ಲಿರೂದು" ಎಂದಿರಿ. ನಾನು ನಗಲಿಲ್ಲ. ಒಳಗೆ ಎರಡು ಮಲಗುವ ಹಲಗೆ, ಒಂದು ಒಲೆ, ಕಿಟಕಿಗೆ ಹರಿದ ಪರದೆ; ಆ ಡೀಸೆಲ್ ವಾಸನೆಗೇ ಸೆರಗಿನಿಂದ ಮೂಗು ಮುಚ್ಚಿಕೊಂಡಿದ್ದೆ.

ಆಮೇಲೆ ನಮ್ಮ ಭಾನುವಾರಗಳೆಲ್ಲ ಅದರ ಪಾಲಾದವು. ನಸುಕಿನಲ್ಲೇ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಯಲ್ಲಾಪುರದ ಮೇಲೆ ಘಟ್ಟ ಇಳಿಯುವುದು. ದೋಣಿಯ ತಳಕ್ಕೆ ಕಚ್ಚಿದ ಚಿಪ್ಪುಗಳನ್ನು ಕೆರೆಯುವುದು, ಬಣ್ಣ ಬಳಿಯುವುದು, ಎರಡೂ ಎಂಜಿನ್ನಿಗೆ ಎಣ್ಣೆ ಬದಲಿಸುವುದು. ಮಳೆಗಾಲಕ್ಕೆ ಮುಂಚೆ ದಡಕ್ಕೆ ಎಳೆಸಿ ತಾಡಪಾಲು ಹೊದಿಸುವುದು. ಒಂದು ಎಂಜಿನ್ ಸರಿಯಾದರೆ ಇನ್ನೊಂದು ಹಟ ಹಿಡಿಯುತ್ತಿತ್ತು. ನೀವು ಕೆಳಗೆ ಎಂಜಿನ್ನಿನ ಗುಂಡಿಯಲ್ಲಿ ಕುಳಿತು, "ಭಾಗ್ಯಾ, ಸ್ವಲ್ಪ ಚಕ್ರಾ ಹಿಡಕೋ" ಎನ್ನುವಿರಿ. ದೋಣಿಯ ದಿಕ್ಕು ತಿರುಗಿಸುವ ಆ ಚಕ್ರವನ್ನು ನಾನು ಗೊಣಗುತ್ತ ಹಿಡಿಯುವೆ. ಹಾಗೆ ಗೊಣಗುತ್ತಲೇ ದೋಣಿ ನಡೆಸುವುದನ್ನು ಯಾವಾಗ ಕಲಿತೆನೋ ನನಗೇ ಗೊತ್ತಿಲ್ಲ. ಕಲಿತದ್ದನ್ನು ಯಾರಿಗೂ ಹೇಳಲಿಲ್ಲ.

ಗಣಪತಿ ಹಬ್ಬ ಮುಗಿದು ದೋಣಿಯನ್ನು ನೀರಿಗಿಳಿಸುವ ಹೊತ್ತಿಗೆ ನೀವು ಹಾಸಿಗೆಯಲ್ಲಿದ್ದಿರಿ. ದಡದಲ್ಲೇ ಬಿಟ್ಟರೆ ಹಾಳಾಗುತ್ತದೆ ಎಂದು ಋತುಜಾಳನ್ನು ನಿಮ್ಮ ಬಳಿ ಬಿಟ್ಟು ನಾನೊಬ್ಬಳೇ ಹೋದೆ. ಅಲ್ಲಿಯ ಮೀನುಗಾರರು ಇಳಿಸಿಕೊಟ್ಟರು. ಎರಡೂ ಎಂಜಿನ್ ಚಾಲೂ ಮಾಡಿದೆ. ಸುಮ್ಮನೆ ಪರೀಕ್ಷೆಗೆಂದು ಹೊರಟವಳು ಸಮುದ್ರದ ಕೂರ್ಮಗಡ ನಡುಗಡ್ಡೆ ಕಾಣುವವರೆಗೂ ಹೋದೆ. ಗಾಳಿಗೆ ಸೆರಗು ಹಾರಿ ಮುಖ ಮುಚ್ಚಿತು, ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಒಬ್ಬಳೇ ನಕ್ಕೆ. ಆ ಅಷ್ಟೂ ಹೊತ್ತು ನನಗೆ ನಿಮ್ಮ ನೆನಪು ಬರಲಿಲ್ಲ.

ನೀವು ಎಡಗೈಯಿಂದ ತುತ್ತು ಎತ್ತಲಾರದೆ ಅನ್ನವನ್ನೆಲ್ಲ ಎದೆಯ ಮೇಲೆ ಚೆಲ್ಲಿಕೊಳ್ಳುತ್ತಿದ್ದ ದಿನಗಳವು. ಮನೆಗೆ ಬಂದು, "ತೊಳದು ಕಟ್ಟಿ ಬಂದೆರಿ, ಅಷ್ಟ" ಎಂದೆ. ನೀವು ನನ್ನ ಮುಖವನ್ನೇ ನೋಡಿದಿರಿ. ಬಿಸಿಲಿಗೆ ಅದು ಕೆಂಪಾಗಿತ್ತು.

ಚಳಿಗಾಲದಲ್ಲಿ ನೀವು ಕುಳಿತುಕೊಳ್ಳುವಂತಾದ ಮೇಲೆ ನಿಮ್ಮನ್ನೂ ಕರೆದೊಯ್ಯತೊಡಗಿದೆವು. ನಿಮ್ಮ ಜಾಗದಲ್ಲಿ ನಾನು. ನೀವು ಹಿಂದೆ, ಪಟ್ಟಿ ಕಟ್ಟಿದ ಕುರ್ಚಿಯಲ್ಲಿ. ಬೆನ್ನಿಗೆ ನಿಮ್ಮ ನೋಟ ತಾಗುತ್ತಿತ್ತು. ಅದು ಹೆಮ್ಮೆಯೋ ನೋವೋ ತಿಳಿಯುತ್ತಿರಲಿಲ್ಲ. ಖುಷಿಯಾದಾಗಲೆಲ್ಲ ಕದ್ದವಳಂತೆ ಒಮ್ಮೆ ಹಿಂದಿರುಗಿ ನೋಡುತ್ತಿದ್ದೆ. ಆ ಅಳುಕು ತಾಳಲಾರದೆ, ದುರಗಪ್ಪನವರು, "ಗೋವಾದಾವ ಒಬ್ಬಾವ ಕೇಳಾಕತ್ತಾನ, ಕೊಟ್ಟಬಿಡ್ರಿ. ನಿಮಗ್ಯಾಕ ಈ ಒದ್ದಾಟ" ಎಂದಾಗ ತಕ್ಷಣ ಹೂಂ ಎಂದುಬಿಟ್ಟೆ. ಎಲ್ಲರಿಗೂ ಹೇಳಿದ್ದು ನಿಮ್ಮ ಆರೋಗ್ಯದ ಕಾರಣ. ನಿಮ್ಮನ್ನು ಮಾತ್ರ ಕೇಳಲಿಲ್ಲ.

ಹೋದ ಭಾನುವಾರ ನಿಮ್ಮನ್ನು ಕರೆದೊಯ್ದದ್ದು ಕೊನೆಯ ಸಲ ಎಂದುಕೊಂಡೇ. ನೀವು ಮಾತ್ರ ಎಂದಿನಂತೆ ಇಸ್ತ್ರಿ ಮಾಡಿದ ಅಂಗಿ ಹಾಕಿಸಿಕೊಂಡಿರಿ.

ನದಿ ಸಮುದ್ರ ಸೇರುವ ಅಳಿವೆ ಸಮೀಪಿಸುವಾಗ ನೀವು ಎಡಗೈಯಿಂದ ಕುರ್ಚಿಯ ತೋಳನ್ನು ಬಡಿಯತೊಡಗಿದಿರಿ. ಋತುಜಾ ನೀರು ಕೊಟ್ಟಳು, ನೂಕಿದಿರಿ. ಮತ್ತೆ ಬಡಿದಿರಿ. ಗಂಟಲಿನಿಂದ ಏನೋ ದನಿ ಬಂತು. ಮಾರುವ ಸುದ್ದಿ ಹೇಗೋ ತಿಳಿದುಬಿಟ್ಟಿದೆ ಎಂದು ನನಗೆ ಭಯ. ಆ ಭಯವೇ ಸಿಟ್ಟಾಯಿತು. "ಸುಮ್ನ ಕೂಡ್ರಿ ಸ್ವಲ್ಪ. ಸಣ್ಣ ಹುಡುಗರಂಗ ಏನದು" ಎಂದು ಮಗಳ ಎದುರಿಗೇ ಗದರಿದೆ. ನಿಮ್ಮ ಕೈ ಅಲ್ಲಿಗೇ ನಿಂತಿತು.

ಸ್ವಲ್ಪ ಹೊತ್ತಿಗೇ ಅಲಾರಾಂ ಕೂಗಿತು. ಹಿಂದೆ ನೋಡಿದರೆ ಎಡಗಡೆಯ ಎಂಜಿನ್ನಿನ ಕೊಳವೆಯಿಂದ ನೀರಿನ ಬದಲು ಬಿಳಿ ಹಬೆ. ಎಂಜಿನ್ ತಂಪಾಗಲು ಹೊಳೆಯ ನೀರನ್ನೇ ಒಳಗೆಳೆದು ಹಿಂದೆ ಉಗುಳಬೇಕು. ಆ ನೀರು ನಿಂತುಹೋಗಿತ್ತು. ನೀರು ನಿಂತರೆ ಎಂಜಿನ್ನಿನ ದನಿ ಒಣಗುತ್ತದೆ. ನೀವು ಅದನ್ನು ಕೇಳಿಸಿಕೊಂಡಿದ್ದಿರಿ. ಅದನ್ನೇ ಹೇಳುತ್ತಿದ್ದಿರಿ.

ಎಡಗಡೆಯದನ್ನು ಬಂದ್ ಮಾಡಿದೆ. ಹೆದರಿ ಬಲಗಡೆಯದಕ್ಕೆ ಪೂರ್ತಿ ಜೋರು ಕೊಟ್ಟೆ. ಒಂದೇ ಬದಿಯಿಂದ ತಳ್ಳಿದ್ದಕ್ಕೆ ದೋಣಿ ಎಡಕ್ಕೆ ಗಿರಕಿ ಹೊಡೆಯಿತು, ನೇರ ದಡದ ಬಂಡೆಗಳ ಕಡೆಗೆ. ನನಗೆ ಏನೂ ತೋಚಲಿಲ್ಲ. ಅಷ್ಟರಲ್ಲಿ ಹಿಂದೆ ಪಟ್ಟಿ ಬಿಚ್ಚಿದ ಸದ್ದು, "ಅಪ್ಪಾ, ಬ್ಯಾಡ" ಎಂದು ಋತುಜಾ ಕೂಗಿದ್ದು. ನೀವು ಅವಳ ಹೆಗಲ ಮೇಲೆ ಭಾರ ಹಾಕಿ, ಬಲಗಾಲು ಎಳೆಯುತ್ತ ಬಂದು ನನ್ನ ಪಕ್ಕ ನಿಂತಿರಿ. ಎಡಗೈಯಿಂದ ಜೋರು ಇಳಿಸಿದಿರಿ. ಚಕ್ರ ಹಿಡಿದ ನನ್ನ ಕೈಮೇಲೆ ಆ ಕೈಯನ್ನೇ ಇಟ್ಟು ಬಲಕ್ಕೆ ಒತ್ತಿದಿರಿ. ದೋಣಿ ನಿಧಾನವಾಗಿ ಮುಖ ತಿರುಗಿಸಿತು. ದಡ ಬರುವವರೆಗೂ ನೀವು ಕುಳಿತುಕೊಳ್ಳಲಿಲ್ಲ, ಕೈಯನ್ನೂ ತೆಗೆಯಲಿಲ್ಲ. ನಿಮ್ಮ ಮುಖ ನೋಡುವ ಧೈರ್ಯ ನನಗಾಗಲಿಲ್ಲ. ಅಪ್ಪ ನಗುತ್ತಿದ್ದರು ಎಂದು ಋತುಜಾ ಆಮೇಲೆ ಹೇಳಿದಳು.

ದಡದಲ್ಲಿ ದುರಗಪ್ಪನವರು ಕೊಳ್ಳುವವನ ಜೊತೆ ಕಾಯುತ್ತಿದ್ದರು. "ಇನ್ನೂ ಅವಗ ಹೇಳಿಲ್ಲೇನ್ರಿ?" ಎಂದು ನನ್ನನ್ನು ಕೇಳಿದರು. ನಾನು ಬಾಯಿ ಬಿಡುವ ಮೊದಲೇ, "ಇರಲಿ ಬಿಡ್ರಿ, ಹೇಳಿದ್ರೂ ಈಗ ಅವಗ ಏನ್ ತಿಳೀತೈತಿ" ಎಂದರು. ನೀವು ಅಲ್ಲೇ ನಿಂತಿದ್ದಿರಿ. ನನ್ನನ್ನು ಇರಿದದ್ದು ಅವರ ಮಾತಲ್ಲ. ಇಷ್ಟು ತಿಂಗಳು ಬಾಯಲ್ಲಿ ಹೇಳದೆ ನಾನು ನಡೆದುಕೊಂಡದ್ದೂ ಹಾಗೆಯೇ ಎಂಬುದು. ಘಟ್ಟ ಹತ್ತುವಾಗ ಉದ್ದಕ್ಕೂ ನೀವು ಕಿಟಕಿಯ ಕಡೆ ಮುಖ ಮಾಡಿಯೇ ಕುಳಿತಿದ್ದಿರಿ.

ಮರುದಿನ ನಿಮ್ಮನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ ನಾನೂ ಋತುಜಾಳೂ ಮತ್ತೆ ಕಾರವಾರಕ್ಕೆ ಹೋಗಿ ನೋಡಿದೆವು. ನೀರೆಳೆಯುವ ಬಾಯಿಗೆ ಪ್ಲಾಸ್ಟಿಕ್ ಚೀಲ ಅಂಟಿತ್ತು. ಪಂಪಿನ ಒಳಗೆ ನೀರು ತಳ್ಳುವ ರಬ್ಬರ್ ಚಕ್ರ ಸುಟ್ಟು ಹರಿದಿತ್ತು. ಹೊಸದು ಹಾಕಿ ಬಂದೆವು. ದುರಗಪ್ಪನವರಿಗೆ ಫೋನು ಮಾಡಿ, "ಮಾಲಕರನ್ನ ನಾ ಕೇಳೇ ಇಲ್ಲರಿ, ಅವರನ್ನ ಕೇಳದ ಮಾರಾಕ ಬರೂದಿಲ್ಲ" ಎಂದೆ. ಅವರೂ ಒಳ್ಳೆಯವರೇ. ನಿನ್ನೆ ತಾವೇ ಬಂದು ನಿಮ್ಮ ಮಂಚದ ಮೇಲೆ ಕುಳಿತು, ನಿಮ್ಮ ಕೈ ಹಿಡಿದು, "ಗುರುಪಾದಾ, ನಂದ ತಪ್ಪಾತು. ನೀನ ಹೇಳಪಾ, ಮಾರೂದೋ ಇಟಗೊಳ್ಳೂದೋ?" ಎಂದು ಕೇಳಿದರು.

ನೀವು ಬಹಳ ಹೊತ್ತು ಒದ್ದಾಡಿದಿರಿ. ನಾವು ಯಾರೂ ನಿಮ್ಮ ಮಾತು ಮುಗಿಸಲಿಲ್ಲ. ಕೊನೆಗೆ ನಿಮ್ಮ ಬೆರಳು ನನ್ನ ಕಡೆ ಎದ್ದಿತು. "ನೀ," ಎಂದಿರಿ. ಮತ್ತೆ ಉಸಿರು ತೆಗೆದುಕೊಂಡು, "ನೀ... ಹೇಳ."

ಎಲ್ಲರೂ ನನ್ನ ಕಡೆ ತಿರುಗಿದರು. ನಾನು "ನೋಡೂಣಂತ" ಎಂದು ಚಹಾ ಮಾಡಲು ಎದ್ದು ಹೋದೆ. ಒಲೆಯ ಮುಂದೆ ನಿಂತು ಅತ್ತೆ. ಗಂಡ ಹೀಗಿರುವಾಗ ಹೆಂಡತಿ ದೋಣಿ ಬೇಕು ಎಂದರೆ ಜನ ಏನೆನ್ನುತ್ತಾರೆ ಎಂದಲ್ಲ. ನೀವು ಏನೆಂದುಕೊಳ್ಳುತ್ತೀರಿ ಎಂದು.

ಈಗ ಹೇಳುತ್ತೇನೆ. ದೋಣಿ ಮಾರುವುದು ಬೇಡ. ನಿಮ್ಮ ಆಸೆಯ ವಸ್ತು ಎಂದಲ್ಲ, ನಿಮಗೆ ಗಾಳಿ ಒಳ್ಳೆಯದು ಎಂದೂ ಅಲ್ಲ. ನನಗೆ ಬೇಕು. ಅದನ್ನು ನಡೆಸುವಾಗ ನಾನು ಸುಖವಾಗಿರುತ್ತೇನೆ. ನಿಮಗೆ ಹೀಗಾಗಿರುವಾಗಲೂ ಸುಖವಾಗಿರುತ್ತೇನೆ. ಇದನ್ನು ನೀವು ಕ್ಷಮಿಸುತ್ತೀರೋ ಇಲ್ಲವೋ, ಬಚ್ಚಿಡುವುದು ಮಾತ್ರ ನನ್ನಿಂದ ಇನ್ನಾಗದು.

ಓದಿ ಮುಗಿಸಿದ ಮೇಲೆ ನನ್ನನ್ನು ಕರೆಯಿರಿ. ಬೈಯುವುದಿದ್ದರೆ ಬೈಯಿರಿ, ಎಷ್ಟು ಹೊತ್ತಾದರೂ ಸರಿ, ಪೂರ್ತಿ ಕೇಳುತ್ತೇನೆ. ಆ ಸಿದ್ಧಾರೂಢ ನಿಮ್ಮ ನಾಲಿಗೆಗೆ ಬೇಗ ಬಲ ಕೊಡಲಿ.

ಬಾಗಿಲಾಚೆ ಕಾಯುತ್ತಿರುವ ನಿಮ್ಮ
ಭಾಗ್ಯಶ್ರೀ